ಇಳಿದು ಬರುವ ಎತ್ತರ: ನಾಲ್ಕು ತಾಲ್ಲೂಕುಗಳ ಜನಪದ ದೃಷ್ಟಿಯಲ್ಲಿ ಬಾನಂಚು ಮತ್ತು ಮಹಾನಗರದ ಕಚೇರಿ ಗೋಪುರ

ಬೆಂಗಳೂರಿನ ಬಹುಮಹಡಿ ಕಚೇರಿ ಕಟ್ಟಡಗಳನ್ನು ಕುರಿತ ಚರ್ಚೆ ಸಾಮಾನ್ಯವಾಗಿ ಎರಡು ನೆಲೆಗಳಲ್ಲಿ ನಡೆಯುತ್ತದೆ. ಒಂದು, ಅವುಗಳನ್ನು ಪ್ರಗತಿಯ ಕುರುಹುಗಳೆಂದು ಕೊಂಡಾಡುವ ನೆಲೆ. ಇನ್ನೊಂದು, ಹಳೆಯ ಬೆಂಗಳೂರಿನ ಹೆಂಚಿನ ಮನೆ, ತೋಟ, ಸಾಲುಮರಗಳನ್ನು ನೆನೆದು ಮರುಗುವ ನೆಲೆ. ಎರಡೂ ನಗರದೊಳಗೆ ನಿಂತವರ ನೋಟಗಳೇ ಆಗಿವೆ. ನಗರದ ಹೊರಗೆ ನಿಂತು, ಎತ್ತರವೆಂಬುದನ್ನು ಬಹುಕಾಲದಿಂದ ತನ್ನದೇ ಮಾನದಂಡಗಳಿಂದ ಅಳೆಯುತ್ತ ಬಂದಿರುವ ಗ್ರಾಮೀಣ ಸಮುದಾಯವೊಂದು ಈ ಕಟ್ಟಡಗಳನ್ನು ಹೇಗೆ ಓದಬಹುದು ಎಂಬ ಪ್ರಶ್ನೆಗೆ ಈ ಚರ್ಚೆಯಲ್ಲಿ ಅಷ್ಟಾಗಿ ಎಡೆ ದೊರೆತಿಲ್ಲ. ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳ ಜನಪದ ಪರಂಪರೆಯನ್ನು ಆಧಾರವಾಗಿಟ್ಟುಕೊಂಡು ಆ ಪ್ರಶ್ನೆಯನ್ನು ಎತ್ತಿಕೊಳ್ಳುವುದು ಪ್ರಸ್ತುತ ಲೇಖನದ ಉದ್ದೇಶ. ಈ ನಾಲ್ಕು ತಾಲ್ಲೂಕುಗಳಲ್ಲಿ ಗಗನಚುಂಬಿ ಕಟ್ಟಡಗಳಿಲ್ಲ. ಆದರೆ ಬಾನಂಚು ಇದೆ. ಗೋಪುರ, ಮಿನಾರು, ಬೆಟ್ಟ, ಕಂಬ, ಕಟ್ಟೆಗಳಿಂದ ರೂಪುಗೊಂಡ ಈ ಬಾನಂಚಿಗೆ ತನ್ನದೇ ಆದ ವ್ಯಾಕರಣವಿದೆ.

1. ಎತ್ತರದ ಜನಪದ ಪರಿಭಾಷೆ

'ಗಗನಚುಂಬಿ' ಎಂಬುದು ಪತ್ರಿಕೆಗಳ ಮೂಲಕ ಬಳಕೆಗೆ ಬಂದ ಶಬ್ದ. ಜನಪದರ ಮಾತಿನಲ್ಲಿ ಎತ್ತರಕ್ಕೆ ಇರುವ ಪದಗಳು ಬೇರೆ: ಅಟ್ಟ, ಉಪ್ಪರಿಗೆ, ದಿಬ್ಬ, ಬೆಟ್ಟ, ಕೊನೆಗೆ ಮುಗಿಲು. ಅಟ್ಟಕ್ಕೇರದವನು ಬೆಟ್ಟಕ್ಕೇರಿಯಾನೇ ಎಂಬ ಗಾದೆಯಲ್ಲಿ ಈ ಮೆಟ್ಟಿಲುಗಳ ಅನುಕ್ರಮವೇ ಅಡಗಿದೆ. ಮನೆಯೊಳಗಿನ ಅಟ್ಟ ಮನುಷ್ಯನ ಅಳತೆಯ ಎತ್ತರ. ರಾಗಿ, ಕಾಳು, ಕಟ್ಟಿಗೆಗಳನ್ನು ಕಾಪಾಡುವ ಎತ್ತರ. ಬೆಟ್ಟ ದೇವರ ಅಳತೆಯ ಎತ್ತರ. ಇವೆರಡರ ನಡುವೆ ಬರುವ ಉಪ್ಪರಿಗೆ ಮಾತ್ರ ಅಧಿಕಾರದ ಎತ್ತರ. ಜನಪದ ಕಥೆಗಳಲ್ಲಿ ಅಟ್ಟ ಮತ್ತು ಬೆಟ್ಟಗಳ ಬಗ್ಗೆ ಇಲ್ಲದ ಅನುಮಾನ ಉಪ್ಪರಿಗೆಯ ಬಗ್ಗೆ ಇದೆಯೆಂಬುದು ಗಮನಾರ್ಹ.

ಗೋಪುರದ ಅಂತಸ್ತುಗಳನ್ನು 'ನೆಲೆ' ಎಂದು, ಕಟ್ಟಡದ ಅಂತಸ್ತುಗಳನ್ನು 'ಮಹಡಿ' ಎಂದು ಕರೆಯುವ ರೂಢಿಯನ್ನೂ ಇಲ್ಲಿ ಪರಿಶೀಲಿಸಬಹುದು. ಗೋಪುರದ ನೆಲೆಗಳಲ್ಲಿ ಯಾರೂ ವಾಸಿಸುವುದಿಲ್ಲ. ಅಲ್ಲಿ ಗಾರೆಯ ಬೊಂಬೆಗಳೂ ಪಾರಿವಾಳಗಳೂ ಇರುತ್ತವೆ. ಅದರ ಎತ್ತರವಿರುವುದು ಒಳಗಿರುವವರಿಗಾಗಿ ಅಲ್ಲ, ದೂರದಿಂದ ಬರುವವರಿಗಾಗಿ. ಮಹಡಿಯ ಎತ್ತರ ಒಳಗಿರುವವರಿಗಾಗಿಯೇ ಇದೆ. ಈ ವ್ಯತ್ಯಾಸವನ್ನು ಗಮನದಲ್ಲಿಟ್ಟುಕೊಂಡರೆ ಮುಂದಿನ ವಿವೇಚನೆ ಸುಗಮವಾಗುತ್ತದೆ.

2. ನಾಲ್ಕು ತಾಲ್ಲೂಕುಗಳ ಬಾನಂಚು

ಶ್ರೀರಂಗಪಟ್ಟಣದ ಕೋಟೆಯೊಳಗೆ ಎರಡು ಬಗೆಯ ಎತ್ತರಗಳಿವೆ: ಶ್ರೀರಂಗನಾಥಸ್ವಾಮಿ ದೇವಾಲಯದ ಗೋಪುರ, ಬೆಂಗಳೂರು ಬಾಗಿಲಿನ ಬಳಿ ಟಿಪ್ಪು ಸುಲ್ತಾನನು 1787ರ ಸುಮಾರಿಗೆ ಕಟ್ಟಿಸಿದ ಜಾಮಿಯಾ ಮಸೀದಿಯ ಜೋಡಿ ಮಿನಾರುಗಳು. ರೈಲಿನಲ್ಲಿ ಬರುವ ಪ್ರಯಾಣಿಕನಿಗೆ ಇವು ಒಂದೇ ನೋಟದ ಭಾಗಗಳು. ಒಂದು ಎತ್ತರ ಗಂಟೆಯ ಮೂಲಕ, ಇನ್ನೊಂದು ಬಾಂಗಿನ ಮೂಲಕ ಊರಿಗೆ ಹೊತ್ತನ್ನು ಹಂಚಿಕೊಡುತ್ತದೆ. ಕೋಟೆಯ ಬಿರುಕಿನ ಬಳಿ ಮೂರನೆಯ ಎತ್ತರವೂ ಉಂಟು. 1799ರ ಮುತ್ತಿಗೆಯಲ್ಲಿ ಮಡಿದ ಬ್ರಿಟಿಷ್ ಪಡೆಯವರ ನೆನಪಿಗಾಗಿ 1907ರಲ್ಲಿ ನಿಲ್ಲಿಸಿದ ಕಲ್ಲಿನ ಸ್ತಂಭವದು. ಮೊದಲಿನೆರಡಕ್ಕೆ ಇರುವ ಹರಕೆ, ಹಬ್ಬ, ಹೊತ್ತುಗಳ ನಂಟು ಇದಕ್ಕೆ ಬೆಳೆದುಬರಲಿಲ್ಲ. ಟಿಪ್ಪುವಿನ ಪತನವನ್ನು ಕುರಿತು ಲಾವಣಿಗಳು ಹುಟ್ಟಿದವು. ಅವನನ್ನು ಸೋಲಿಸಿದವರ ಸ್ತಂಭ ಪ್ರವಾಸಿಗರ ಪಟ್ಟಿಯಲ್ಲಿ ಉಳಿಯಿತು. ಎತ್ತರವಾಗಿ ನಿಲ್ಲುವುದು ಬೇರೆ, ಬಾನಂಚಿಗೆ ಸೇರುವುದು ಬೇರೆ ಎಂಬುದಕ್ಕೆ ಇದು ಸ್ಪಷ್ಟ ನಿದರ್ಶನ.

ಪಾಂಡವಪುರ ತಾಲ್ಲೂಕಿನ ಬಾನಂಚನ್ನು ನಿರ್ಮಿಸಿರುವುದು ಬಂಡೆಗಳು. ಫ್ರೆಂಚ್ ದಂಡು ಬೀಡುಬಿಟ್ಟಿದ್ದ ಕಾರಣದಿಂದ ಒಮ್ಮೆ 'ಫ್ರೆಂಚ್ ರಾಕ್ಸ್' ಎನಿಸಿಕೊಂಡ ಊರು, ಪಾಂಡವರು ವನವಾಸದಲ್ಲಿ ತಂಗಿದ್ದರೆಂಬ ಐತಿಹ್ಯದ ಬಲದಿಂದ ಪಾಂಡವಪುರವಾಯಿತು. ಆ ಐತಿಹ್ಯಕ್ಕೆ ಆಧಾರವಾಗಿ ನಿಂತಿರುವುದು ಕುಂತಿಬೆಟ್ಟ. ಇದೇ ತಾಲ್ಲೂಕಿನ ಮೇಲುಕೋಟೆಯಲ್ಲಿ ಯೋಗನರಸಿಂಹನ ಬೆಟ್ಟ ಸುತ್ತಣ ಹತ್ತಾರು ಹಳ್ಳಿಗಳಿಗೆ ದಿಕ್ಕು ತೋರುವ ಗುರುತಾಗಿದೆ. ಅದಕ್ಕಿಂತಲೂ ವಿಮರ್ಶಕನ ಗಮನ ಸೆಳೆಯಬೇಕಾದುದು ರಾಯಗೋಪುರ. ನಾಲ್ಕು ಭಾರಿ ಕಂಬಗಳಷ್ಟೇ ನಿಂತು ಮೇಲಿನ ಗೋಪುರ ಏಳದೆ ಉಳಿದ ಈ ರಚನೆಯನ್ನು, ಒಂದೇ ರಾತ್ರಿಯಲ್ಲಿ ಕಟ್ಟಲು ಹೊರಟು ಬೆಳಗಾದುದರಿಂದ ನಿಂತುಹೋದುದೆಂದು ಜನ ಹೇಳುತ್ತಾರೆ. ಅಪೂರ್ಣತೆಯನ್ನು ಸೋಲೆಂದು ಹೇಳದೆ, ಕಾಲ ಒಡ್ಡಿದ ಮಿತಿಯೆಂದು ಒಪ್ಪಿಕೊಳ್ಳುವ ವಿವೇಕ ಈ ಐತಿಹ್ಯದಲ್ಲಿದೆ. ಎಷ್ಟೇ ಶಕ್ತಿಯಿದ್ದರೂ ಎತ್ತರಕ್ಕೆ ಒಂದು ಬೆಳಗಿನ ಜಾವವಿದೆ ಎಂಬುದು ಅದರ ತಾತ್ಪರ್ಯ.

ಕೃಷ್ಣರಾಜಪೇಟೆ ತಾಲ್ಲೂಕು ಮತ್ತೊಂದು ಪಾಠವನ್ನು ಒದಗಿಸುತ್ತದೆ. ಹೊಸಹೊಳಲಿನ ಲಕ್ಷ್ಮೀನಾರಾಯಣ, ಕಿಕ್ಕೇರಿಯ ಬ್ರಹ್ಮೇಶ್ವರ, ಗೋವಿಂದನಹಳ್ಳಿಯ ಪಂಚಲಿಂಗೇಶ್ವರ ದೇವಾಲಯಗಳು ಹೊಯ್ಸಳ ಶಿಲ್ಪದ ಶ್ರೇಷ್ಠ ಮಾದರಿಗಳು. ಇವುಗಳಲ್ಲಿ ಯಾವುದೂ ದೂರದಿಂದ ಕಣ್ಸೆಳೆಯುವಂಥದಲ್ಲ. ಹೊಸಹೊಳಲಿನ ಹೊರಭಿತ್ತಿಯಲ್ಲಿ ಆನೆ, ಕುದುರೆ, ಬಳ್ಳಿ, ಪುರಾಣ ಕಥನ, ಮಕರ, ಹಂಸಗಳ ಪಟ್ಟಿಕೆಗಳು ಒಂದರ ಮೇಲೊಂದು ಏರುತ್ತವೆ. ಆ ಏರಿಕೆ ಮನುಷ್ಯನ ಕಣ್ಣಳತೆಯನ್ನು ಹೆಚ್ಚು ಮೀರುವುದಿಲ್ಲ. ಜಗತಿಯ ಮೇಲೆ ನಡೆಯುತ್ತ ಓದಬೇಕಾದ ಕಟ್ಟಡ ಇದು, ದೂರದಿಂದ ಬೆರಗಾಗಬೇಕಾದ ಕಟ್ಟಡವಲ್ಲ. ಗೋವಿಂದನಹಳ್ಳಿಯಲ್ಲಿ ಕೆಲಸ ಮಾಡಿದ ರೂವಾರಿ ಮಲ್ಲಿತಮ್ಮನ ಹೆಸರು ಇಂದಿಗೂ ತಿಳಿದಿದೆ. ಬಾನಂಚಿನಲ್ಲಿ ತಲೆಯೆತ್ತದ ಕಟ್ಟಡ ಕಟ್ಟಿದವನ ಹೆಸರನ್ನು ಉಳಿಸಿಕೊಂಡಿದೆ.

ನಾಗಮಂಗಲ ತಾಲ್ಲೂಕಿನಲ್ಲಿ ಎತ್ತರ ಊರಿನ ಹೆಸರೇ ಆಗಿದೆ. ಗಂಗರ ಕಾಲದ ಜೈನ ಬಸದಿಗಳಿಂದ ಪ್ರಸಿದ್ಧವಾದ ಕಂಬದಹಳ್ಳಿಗೆ ಆ ಹೆಸರು ಬಂದುದು ಬಸದಿಯ ಮುಂದಿರುವ ಬ್ರಹ್ಮದೇವರ ಕಂಬದಿಂದ. ಬಸದಿಗಳ ವಾಸ್ತುವನ್ನು ವಿದ್ವಾಂಸರು ಮೆಚ್ಚಿದರು. ಜನ ಮಾತ್ರ ಊರಿಗೆ ಕಂಬದ ಹೆಸರನ್ನಿಟ್ಟರು. ನಾಗಮಂಗಲ ಪಟ್ಟಣದಲ್ಲಿ ಸೌಮ್ಯಕೇಶವ ದೇವಾಲಯದ ಮುಂದಿನ ಮಹಾದ್ವಾರ ಗೋಪುರ ಮತ್ತು ಎತ್ತರದ ಗರುಡಗಂಬ, ಆದಿಚುಂಚನಗಿರಿಯಲ್ಲಿ ಆಕಾಶಭೈರವನ ನೆಲೆಯೆಂದು ಹೇಳುವ ಶಿಖರ ಈ ತಾಲ್ಲೂಕಿನ ಬಾನಂಚನ್ನು ಪೂರ್ಣಗೊಳಿಸುತ್ತವೆ.

3. ಮನೆಯ ಅಂಗಳಕ್ಕೆ ಬರುವ ಎತ್ತರ

ಈ ಎತ್ತರಗಳನ್ನು ಜನಪದ ಸಂಸ್ಕೃತಿ ನಿಂತಲ್ಲೇ ನಿಲ್ಲಲು ಬಿಟ್ಟಿಲ್ಲವೆಂಬುದು ಈ ಲೇಖನದ ಮುಖ್ಯ ಪ್ರತಿಪಾದನೆ. ಮನೆಮನೆಗೆ ಬರುವ ದಾಸಯ್ಯನ ಕೈಯಲ್ಲಿರುವ ದೀಪದ ಕಂಬಕ್ಕೆ 'ಗರುಡಗಂಬ' ಎಂದೇ ಹೆಸರು. ಶಂಖ, ಜಾಗಟೆ, ಬವನಾಸಿಗಳ ಜೊತೆಗೆ ಅವನು ಅದನ್ನು ಹಿಡಿದು ಬಾಗಿಲಿಗೆ ಬರುತ್ತಾನೆ. ದೇವಾಲಯದ ಮುಂದೆ ತಲೆಯೆತ್ತಿ ನೋಡಬೇಕಾದ ಕಂಬ ಮನೆಯ ಹೊಸ್ತಿಲ ಬಳಿ ಮಗುವಿನ ಕಣ್ಣಳತೆಗೆ ಇಳಿಯುತ್ತದೆ. ಆದಿಚುಂಚನಗಿರಿಯ ಭೈರವನೂ ಹಾಗೆಯೇ; ನಾಥ ಪರಂಪರೆಯ ಜೋಗಿಗಳು ಕಿನ್ನರಿ ನುಡಿಸುತ್ತ ಭಿಕ್ಷೆಗೆ ಬಂದಾಗ ಬೆಟ್ಟವೇ ಊರಿಗೆ ಬಂದಂತೆ. ಮೇಲುಕೋಟೆಯಲ್ಲಿ ಚೆಲುವನಾರಾಯಣನು ವರ್ಷಕ್ಕೊಮ್ಮೆ ವೈರಮುಡಿ ಧರಿಸಿ ಬೀದಿಗಿಳಿಯುತ್ತಾನೆ. ಕಿರೀಟವಿರುವುದು ಎತ್ತರದ ಗುರುತಾಗಿ. ಉತ್ಸವವಿರುವುದು ಆ ಎತ್ತರವನ್ನು ಬೀದಿಗೆ ತರುವುದಕ್ಕಾಗಿ.

ಹೀಗೆ ಎತ್ತರವನ್ನು ಗೌರವಿಸುವ ಮುನ್ನ ಅದು ಇಳಿದು ಬರುವುದೇ ಎಂದು ಕೇಳುವುದು ಇಲ್ಲಿನ ಜನಪದರ ಅಲಿಖಿತ ನಿಯಮ. ಪ್ರತಿಯಾಗಿ ಜನರೂ ಏರುತ್ತಾರೆ: ಮುಡಿ, ಮೀಸಲು, ಹರಕೆಗಳನ್ನು ಹೊತ್ತು ಬೆಟ್ಟ ಹತ್ತುತ್ತಾರೆ. ಏರುವ ಮತ್ತು ಇಳಿಯುವ ಈ ಎರಡು ಚಲನೆಗಳ ನಡುವೆ ಬಾನಂಚು ಜೀವಂತವಾಗಿರುತ್ತದೆ.

ಇದನ್ನು ಹೇಳುವಾಗ ಭಾವುಕತೆಗೆ ಎಡೆಗೊಡಬಾರದು. ಗೋಪುರ ಕಂಡೊಡನೆ ಕೈಮುಗಿಯುವ ಆಚಾರದ ಹಿಂದೆ ಭಕ್ತಿಯಷ್ಟೇ ಇಲ್ಲ, ನಿಷೇಧವೂ ಇದೆ. ದೇವಾಲಯದ ಒಳಗೆ ಪ್ರವೇಶವಿಲ್ಲದಿದ್ದ ಸಮುದಾಯಗಳಿಗೆ ಗೋಪುರವೇ ದೇವರಾಗಬೇಕಾಗಿತ್ತು. ರಾಮಾನುಜರು ಅಸ್ಪೃಶ್ಯರೆನಿಸಿದ್ದವರನ್ನು 'ತಿರುಕುಲದವರು' ಎಂದು ಕರೆದು ಮೇಲುಕೋಟೆಯಲ್ಲಿ ಪ್ರವೇಶ ಕಲ್ಪಿಸಿದರೆಂಬ ಐತಿಹ್ಯ ಹೆಮ್ಮೆಯ ವಿಷಯವೇ. ಆದರೆ ಆ ಪ್ರವೇಶ ಮುಂದೆ ವರ್ಷದ ನಿಗದಿತ ದಿನಗಳಿಗೆ ಸೀಮಿತಗೊಂಡಿತೆಂಬುದೂ ಅದೇ ಐತಿಹ್ಯದ ಇನ್ನೊಂದು ಮುಖ. ಉಳಿದ ದಿನಗಳಲ್ಲಿ ಅವರಿಗೆ ದಕ್ಕಿದ್ದು ಬಾನಂಚು ಮಾತ್ರ. ದೂರದ ಬೆಟ್ಟ ನುಣ್ಣಗೆ ಎಂಬ ಗಾದೆಯನ್ನು ಈ ಹಿನ್ನೆಲೆಯಲ್ಲಿ ಮತ್ತೊಮ್ಮೆ ಓದಬೇಕು. ದೂರದಿಂದ ನೋಡುವವನಿಗೆ ನುಣುಪು, ಹತ್ತುವವನಿಗೆ ಮುಳ್ಳುಕಲ್ಲು. ಹತ್ತಲು ಬಿಡದವನಿಗೆ ಮಾತ್ರ ಅದು ಎಂದೆಂದಿಗೂ ನುಣುಪು.

4. ಕಟ್ಟೆಯ ಎತ್ತರ

ಇಪ್ಪತ್ತನೆಯ ಶತಮಾನದಲ್ಲಿ ಈ ಪ್ರದೇಶದ ಬಾನಂಚಿಗೆ ಸೇರಿದ ಅತಿ ದೊಡ್ಡ ರಚನೆ ಕೃಷ್ಣರಾಜಸಾಗರ. 1911ರಲ್ಲಿ ಆರಂಭವಾಗಿ 1930ರ ದಶಕದ ಮೊದಲಲ್ಲಿ ಪೂರ್ಣಗೊಂಡ ಈ ಅಣೆಕಟ್ಟನ್ನು ಜನ 'ಕನ್ನಂಬಾಡಿ ಕಟ್ಟೆ' ಎಂದೇ ಕರೆಯುತ್ತಾರೆ. ಅಣೆಕಟ್ಟೆಗೆ ಮುಳುಗಿದ ಊರಿನ ಹೆಸರನ್ನೇ ಅದನ್ನು ಮುಳುಗಿಸಿದ ಕಟ್ಟೆಗೆ ಇಟ್ಟುದು ಜನಪದ ಸ್ಮೃತಿಯ ನ್ಯಾಯವಾಗಿದೆ. ಮುಳುಗಿದ ಹಳೆಯ ಕನ್ನಂಬಾಡಿಯ ವೇಣುಗೋಪಾಲಸ್ವಾಮಿ ದೇವಾಲಯ, ಬರಗಾಲದಲ್ಲಿ ನೀರು ತಳ ಸೇರಿದಾಗ ತಲೆಯೆತ್ತಿ ಕಾಣಿಸಿಕೊಳ್ಳುತ್ತಿತ್ತು. ಊರಿಗೆ ಬರ ಬಂದಾಗ ಮಾತ್ರ ಕಾಣುವ ದೇವಾಲಯವದು. ಈಚಿನ ವರ್ಷಗಳಲ್ಲಿ ಅದನ್ನು ಬಿಚ್ಚಿ ತಂದು ಹೊಸ ಕನ್ನಂಬಾಡಿಯ ದಡದಲ್ಲಿ ಮತ್ತೆ ಕಟ್ಟಲಾಗಿದೆ.

ಈ ಕಟ್ಟೆಯ ಎತ್ತರವನ್ನು ಜನ ಬಲ್ಲ ರೀತಿ ವಿಶಿಷ್ಟವಾದುದು. ಅದರ ಗರಿಷ್ಠ ನೀರಿನ ಮಟ್ಟ 124.80 ಅಡಿ. ಕಾವೇರಿ ನಾಲೆಗಳ ಬಯಲಿನ ರೈತನಿಗೆ ಈ ಅಂಕಿ ಬಾಯಿಪಾಠ. ದಿನಪತ್ರಿಕೆಗಳು ನೀರಿನ ಮಟ್ಟವನ್ನು ಅಡಿಗಳಲ್ಲಿ ಪ್ರಕಟಿಸುತ್ತವೆ. ಭತ್ತ ನಾಟಿ ಮಾಡಬೇಕೇ, ಕಬ್ಬು ಹಾಕಬೇಕೇ ಎಂಬ ತೀರ್ಮಾನ ಆ ಅಂಕಿಯ ಏರಿಳಿತಕ್ಕೆ ಕಟ್ಟುಬಿದ್ದಿರುತ್ತದೆ. ಇಲ್ಲಿ ಎತ್ತರವೆಂದರೆ ಕಲ್ಲಿನ ಎತ್ತರವಲ್ಲ, ಕಲ್ಲು ಹಿಡಿದಿಟ್ಟ ನೀರಿನ ಎತ್ತರ. ಆ ನೀರು ನಾಲೆಯ ಮೂಲಕ ಗದ್ದೆಗೆ ಇಳಿಯುತ್ತದೆ. ಇಳಿದು ಬರುವ ಎತ್ತರವೆಂಬ ಜನಪದ ಕಲ್ಪನೆಗೆ ಆಧುನಿಕ ಎಂಜಿನಿಯರಿಂಗ್ ಕೊಟ್ಟ ಅತ್ಯಂತ ಪ್ರತ್ಯಕ್ಷ ರೂಪ ಇದೇ. ಹಾಗೆಂದು ನಾಲ್ಕು ತಾಲ್ಲೂಕುಗಳಿಗೂ ಅದು ಒಂದೇ ಪ್ರಮಾಣದಲ್ಲಿ ಇಳಿದಿಲ್ಲ. ನಾಗಮಂಗಲದ ಬಹುಭಾಗ ಇಂದಿಗೂ ಮಳೆಯನ್ನೂ ಕೆರೆ ಕೊಳವೆಬಾವಿಗಳನ್ನೂ ನೆಚ್ಚಿದ ನೆಲ. ಕಟ್ಟೆಯ ಎತ್ತರ ಅಲ್ಲಿನ ರೈತನಿಗೆ ಇನ್ನೂ ಬಾನಂಚಿನ ಎತ್ತರವೇ.

5. ಮಹಾನಗರದ ಕಚೇರಿ ಗೋಪುರ

ಈ ಮಾನದಂಡಗಳನ್ನು ಹಿಡಿದು ಬೆಂಗಳೂರಿನತ್ತ ನೋಡಿದಾಗ ಮೊದಲು ಎದುರಾಗುವುದು ಹೆಸರಿನ ಪ್ರಶ್ನೆ. ಮಹಾತ್ಮ ಗಾಂಧಿ ರಸ್ತೆಯಲ್ಲಿ 1970ರ ದಶಕದಲ್ಲಿ ಎದ್ದುನಿಂತ 25 ಅಂತಸ್ತುಗಳ ಕಟ್ಟಡಕ್ಕೆ ಸುಭಾಷ್‌ಚಂದ್ರ ಬೋಸರ ಹೆಸರಿದ್ದರೂ ಜನರ ಬಾಯಲ್ಲಿ ಅದು 'ಯುಟಿಲಿಟಿ ಬಿಲ್ಡಿಂಗ್'. ಬಹುಕಾಲ ಅದೇ ನಗರದ ಅತಿ ಎತ್ತರದ ಕಟ್ಟಡವಾಗಿತ್ತು. ವಿಧಾನಸೌಧದ ಬಳಿಯ ಸರ್ಕಾರಿ ಕಚೇರಿಗಳ ಸಮುಚ್ಚಯ 'ಬಹುಮಹಡಿ ಕಟ್ಟಡ' ಎನಿಸಿಕೊಂಡಿತು. ಕಡತ ಹುಡುಕಿಕೊಂಡು ಹಳ್ಳಿಯಿಂದ ಹೋದವರ ಬಾಯಲ್ಲಿ ಅದು 'ಎಮ್ಮೆಸ್ ಬಿಲ್ಡಿಂಗ್' ಆಯಿತು. ಕಂಬದಿಂದ ಊರಿಗೆ ಹೆಸರು ಬಂದ ಕಂಬದಹಳ್ಳಿಯ ಪಕ್ಕದಲ್ಲಿ, ಮಹಡಿಗಳಿವೆ ಎಂಬುದರ ಹೊರತು ಬೇರೆ ಹೆಸರಿಲ್ಲದ ಕಟ್ಟಡವನ್ನಿಟ್ಟು ನೋಡಿದರೆ ವ್ಯತ್ಯಾಸ ಎದ್ದು ಕಾಣುತ್ತದೆ. ಒಂದು ತನ್ನ ಸುತ್ತಲಿಗೆ ಹೆಸರು ಕೊಟ್ಟಿತು. ಇನ್ನೊಂದಕ್ಕೆ ತನ್ನ ಎತ್ತರವೇ ಹೆಸರಾಯಿತು.

ವಿಶ್ವೇಶ್ವರಯ್ಯ ಗೋಪುರದ ವಿಷಯ ಇನ್ನೂ ಕುತೂಹಲಕರ. ಅಂಬೇಡ್ಕರ್ ವೀಧಿಯ ಈ ಬಹುಮಹಡಿ ಕಚೇರಿಗೆ 'ಗೋಪುರ' ಎಂಬ ಶಬ್ದವನ್ನು ಅಧಿಕೃತವಾಗಿಯೇ ಅಂಟಿಸಲಾಗಿದೆ. ಸರ್. ಎಂ. ವಿಶ್ವೇಶ್ವರಯ್ಯನವರ ಹೆಸರನ್ನು ಹೊತ್ತ ಎತ್ತರಗಳು ಹೀಗೆ ಎರಡಾದವು: ಶ್ರೀರಂಗಪಟ್ಟಣ ತಾಲ್ಲೂಕಿನಲ್ಲಿ ಅವರ ಕಾರ್ಯದ ಫಲವಾದ ಕಟ್ಟೆ, ರಾಜಧಾನಿಯಲ್ಲಿ ಅವರ ಹೆಸರಿನ ಕಚೇರಿ. ಮಂಡ್ಯದ ಜನಮಾನಸದಲ್ಲಿ ಅವರು ಉಳಿದಿರುವುದು ಮೊದಲನೆಯದರಿಂದ. ಮನೆಗಳಲ್ಲಿ ಅವರ ಭಾವಚಿತ್ರ ದೇವರ ಪಟಗಳ ಸಾಲಿನಲ್ಲಿ ಸೇರಿದ್ದು ನೀರು ನಾಲೆಗಿಳಿದ ಕಾರಣಕ್ಕೆ. ಎರಡನೆಯ ಗೋಪುರ ದ್ವಾರದ ಮೇಲೆ ನಿಂತ ಗೋಪುರವಲ್ಲ, ದ್ವಾರಪಾಲಕರನ್ನು ಮಾತ್ರ ಉಳಿಸಿಕೊಂಡ ಗೋಪುರ. ಅಲ್ಲಿಗೆ ಹೋಗುವವನು ಹರಕೆ ಹೊತ್ತು ಹೋಗುವುದಿಲ್ಲ, ಅರ್ಜಿ ಹಿಡಿದು ಹೋಗುತ್ತಾನೆ.

2008ರಲ್ಲಿ ತೆರೆದ ಯು.ಬಿ. ಸಿಟಿ, 2010ರಲ್ಲಿ ತಲೆಯೆತ್ತಿದ ವರ್ಲ್ಡ್ ಟ್ರೇಡ್ ಸೆಂಟರ್ ಮೊದಲಾದ ಖಾಸಗಿ ಕಚೇರಿ ಗೋಪುರಗಳು ಬೆಂಗಳೂರಿನ ಬಾನಂಚನ್ನು ಮತ್ತೆ ಬದಲಾಯಿಸಿದವು. ಗಾಜಿನ ಹೊದಿಕೆಯ ಇಂಥ ಕಟ್ಟಡಗಳು ಮುಗಿಲನ್ನು ಪ್ರತಿಬಿಂಬಿಸುತ್ತವೆ, ಒಳಗನ್ನು ಕಾಣಗೊಡುವುದಿಲ್ಲ. ಇದು ಜನಪದ ಕಥೆಗಳ 'ಒಂಟಿಕಂಬದ ಉಪ್ಪರಿಗೆ'ಯನ್ನು ನೆನಪಿಸುತ್ತದೆ. ಕಥೆಗಳಲ್ಲಿ ಒಂಟಿಕಂಬದ ಉಪ್ಪರಿಗೆಯಲ್ಲಿ ರಾಜಕುಮಾರಿಯನ್ನು ಇರಿಸುವುದು ಕಾಪಾಡಲೆಂದು; ಕೇಳುಗನಿಗೆ ಮಾತ್ರ ಅದು ಸೆರೆಯೆಂದು ಗೊತ್ತಿರುತ್ತದೆ. ಏಳುಪ್ಪರಿಗೆಯ ಅರಮನೆ ಕಥೆಯಲ್ಲಿ ಬಂದಿತೆಂದರೆ ಅಲ್ಲಿಂದ ಯಾರೋ ಇಳಿದು ಬರಬೇಕಾಗಿದೆಯೆಂದೇ ಅರ್ಥ. ಮಲೆಯ ಮಾದೇಶ್ವರನ ಕಾವ್ಯದಲ್ಲಿ ಭಿಕ್ಷೆಗೆ ಬಂದ ಜಂಗಮನನ್ನು ಕಡೆಗಣಿಸಿದ ಬೇವಿನಹಟ್ಟಿ ಕಾಳಮ್ಮನ ಸಿರಿ ಕರಗಿಹೋಗುತ್ತದೆ. ಬಾಗಿಲಿಗೆ ಬಂದವನನ್ನು ನಡೆಸಿಕೊಳ್ಳುವ ರೀತಿಯಿಂದಲೇ ಮನೆಯ ಎತ್ತರ ನಿರ್ಧಾರವಾಗುತ್ತದೆಂಬುದು ಕಂಸಾಳೆಯವರು ತಲೆಮಾರುಗಳಿಂದ ಸಾರುತ್ತ ಬಂದಿರುವ ನ್ಯಾಯ.

ಕಟ್ಟಡಕ್ಕೆ ತೆತ್ತ ಬೆಲೆಯ ನೆನಪೂ ಇಲ್ಲಿ ಮುಖ್ಯ. ಬೆಂಗಳೂರಿನ ಕೋಟೆಯ ಬಾಗಿಲು ನಿಲ್ಲಲೆಂದು ಕೆಂಪೇಗೌಡರ ಸೊಸೆ ಲಕ್ಷ್ಮೀದೇವಿ ತನ್ನನ್ನು ಬಲಿಕೊಟ್ಟುಕೊಂಡಳೆಂಬ ಐತಿಹ್ಯವಿದೆ. ಈ ಬಲಿಯನ್ನು ಜನಪದರು ಸಮರ್ಥಿಸಲಿಲ್ಲ, ಮರೆಯಲೂ ಇಲ್ಲ, ಹೆಸರಿಟ್ಟು ನೆನೆದರು. ಇಂದಿನ ಗೋಪುರಗಳನ್ನು ಕಟ್ಟುವ ಕೂಲಿಕಾರರು ತಮ್ಮ ಊರುಗಳನ್ನು ಬಿಟ್ಟು ಬಂದವರು. ಕಟ್ಟಡ ಮುಗಿದೊಡನೆ ಅವರ ಶೆಡ್ಡುಗಳನ್ನು ಕೀಳಲಾಗುತ್ತದೆ. ಅವರ ಹೆಸರುಗಳು ಗಾಜಿನ ಮೇಲಾಗಲಿ ಹಾಡಿನಲ್ಲಾಗಲಿ ನಿಲ್ಲುವುದಿಲ್ಲ. ಎಂಟುನೂರು ವರ್ಷಗಳ ಹಿಂದಿನ ಮಲ್ಲಿತಮ್ಮನ ಹೆಸರು ತಿಳಿದಿರುವ ನಾಡಿನಲ್ಲಿ ನಿನ್ನೆ ಮೊನ್ನೆ ಕಟ್ಟಿದವರ ಹೆಸರು ತಿಳಿಯದಿರುವುದು ಬಾನಂಚಿನ ದೊಡ್ಡ ಕೊರತೆ.

6. ಎರಡನೆಯ ಯೋಚನೆ

ಇಷ್ಟರಿಂದಲೇ ಗೋಪುರ ಒಳ್ಳೆಯದು, ಮಹಡಿ ಕೆಟ್ಟದ್ದು ಎಂಬ ತೀರ್ಮಾನಕ್ಕೆ ಬರುವುದು ವಿಮರ್ಶೆಯಾಗಲಾರದು. ದೇವಾಲಯದ ಬಾಗಿಲಿನಲ್ಲಿ ತಡೆಯಲ್ಪಟ್ಟ ಸಮುದಾಯಗಳ ಮಕ್ಕಳಿಗೆ ಬಹುಮಹಡಿ ಕಟ್ಟಡದ ಒಂದು ಮೇಜು, ಒಂದು ಕುರ್ಚಿ ಬಿಡುಗಡೆಯ ದಾರಿಯೂ ಆಗಿದೆ. ನಾಲ್ಕು ತಾಲ್ಲೂಕುಗಳ ಹಳ್ಳಿಗಳಿಂದ ಹೋದ ಯುವಕ ಯುವತಿಯರು ಈ ಗೋಪುರಗಳಲ್ಲಿ ದುಡಿದು ಊರಿನ ಸಾಲ ತೀರಿಸಿದ್ದಾರೆ, ತಮ್ಮ ತಂಗಿಯರನ್ನು ಓದಿಸಿದ್ದಾರೆ. ಅವರ ಮಟ್ಟಿಗೆ ಎತ್ತರ ಸಂಬಳದ ರೂಪದಲ್ಲಿ ಇಳಿದು ಬಂದಿದೆ. ಸರ್ಕಾರಿ ಕಚೇರಿಯೂ ತನ್ನ ಮಿತಿಯಲ್ಲಿ ಇಳಿದಿದೆ. 'ಭೂಮಿ' ಯೋಜನೆಯಿಂದ ಪಹಣಿ ತಾಲ್ಲೂಕು ಕೇಂದ್ರದಲ್ಲಿ ಮುದ್ರಿತವಾಗಿ ಸಿಗುವಂತಾದುದು, ಹೋಬಳಿಗಳಲ್ಲಿ ನಾಡಕಚೇರಿಗಳು ಕೆಲಸ ಮಾಡತೊಡಗಿದುದು, 2011ರ 'ಸಕಾಲ' ಕಾಯ್ದೆ ಅರ್ಜಿಗೆ ಕಾಲಮಿತಿ ಹಾಕಿದುದು ಇವೆಲ್ಲ ಕಡತವನ್ನು ಮಹಡಿಯಿಂದ ಅಂಗಳಕ್ಕೆ ತರುವ ಪ್ರಯತ್ನಗಳೇ. ದಾಸಯ್ಯನ ಗರುಡಗಂಬದಷ್ಟು ಹತ್ತಿರಕ್ಕೆ ಅದು ಬಂದಿಲ್ಲವೆಂಬುದು ನಿಜ. ಆದರೆ ದಿಕ್ಕು ಅದೇ.

ಬಾನಂಚಿನ ಅಪಾಯ ಬೇರೊಂದು ಕಡೆಯಿಂದ ಬರುತ್ತಿದೆ. 2023ರ ಮಾರ್ಚಿಯಲ್ಲಿ ಉದ್ಘಾಟನೆಗೊಂಡ ಬೆಂಗಳೂರು-ಮೈಸೂರು ದಶಪಥ ಹೆದ್ದಾರಿ ಊರುಗಳನ್ನು ಬಳಸಿಕೊಂಡು ಸಾಗುತ್ತದೆ. ಬೇಗ ಸಾಗುವವನಿಗೆ ಗೋಪುರವೂ ಮಿನಾರೂ ಕ್ಷಣಮಾತ್ರದ ನೋಟ. ಹಿಂದೆ ನಡೆದು ಬರುವವನಿಗೆ ಗೋಪುರ ಮೊದಲು ಚುಕ್ಕಿಯಾಗಿ, ಆಮೇಲೆ ಆಕಾರವಾಗಿ, ಕೊನೆಗೆ ಬಾಗಿಲಾಗಿ ಬೆಳೆಯುತ್ತಿತ್ತು. ಎತ್ತರವನ್ನು ಅಳೆಯುತ್ತಿದ್ದುದು ಕಾಲು. ಈಗ ಅಳೆಯುವುದು ಕಣ್ಣು ಮಾತ್ರ. ಅದೂ ಗಾಜಿನ ಹಿಂದಿನಿಂದ. ಇಂಥ ನೋಟಕ್ಕೆ ರಂಗನಾಥನ ಗೋಪುರಕ್ಕೂ ಬೆಂಗಳೂರಿನ ಕಚೇರಿ ಗೋಪುರಕ್ಕೂ ವ್ಯತ್ಯಾಸವೇ ಉಳಿಯುವುದಿಲ್ಲ.

ಒಟ್ಟಿನಲ್ಲಿ, ಕಟ್ಟಡವೊಂದು ಬಾನಂಚಿನಲ್ಲಿ ಸ್ಥಾನ ಪಡೆಯುವುದು ಅದರ ಅಡಿಗಳ ಲೆಕ್ಕದಿಂದಲ್ಲ. ಅದು ದೂರದವನಿಗೆ ದಿಕ್ಕು ತೋರಿತೇ, ಹತ್ತಿರದವನಿಗೆ ಹೊತ್ತು ತಿಳಿಸಿತೇ, ಕಟ್ಟಿದವನ ಹೆಸರು ಉಳಿಸಿತೇ, ಬಾಗಿಲಿಗೆ ಬಂದವನನ್ನು ಒಳಗೆ ಬಿಟ್ಟಿತೇ, ಕೊನೆಗೆ ತಾನೇ ಅವನ ಅಂಗಳಕ್ಕೆ ಇಳಿದು ಬಂದಿತೇ ಎಂಬ ಪ್ರಶ್ನೆಗಳನ್ನು ಈ ನಾಲ್ಕು ತಾಲ್ಲೂಕುಗಳ ಜನಪದ ಪರಂಪರೆ ಮುಂದಿಡುತ್ತದೆ. ಇವುಗಳನ್ನು ಹಳೆಯ ಗೋಪುರಕ್ಕೂ ಕೇಳಬೇಕು, ಹೊಸ ಗೋಪುರಕ್ಕೂ ಕೇಳಬೇಕು. ಹಳೆಯದು ಎಲ್ಲಕ್ಕೂ ಉತ್ತರ ಕೊಟ್ಟಿಲ್ಲ. ಹೊಸದಕ್ಕೆ ಈ ಪ್ರಶ್ನೆಗಳನ್ನು ಇನ್ನೂ ಯಾರೂ ಕೇಳಿಲ್ಲ. ಮೇಲುಕೋಟೆಯ ರಾಯಗೋಪುರದ ನಾಲ್ಕು ಕಂಬಗಳು ಮುಗಿಯದೆಯೇ ಬಾನಂಚಿನಲ್ಲಿ ಸ್ಥಾನ ಪಡೆದಿವೆ. ಮುಗಿದು ನಿಂತ ಎಷ್ಟೋ ಮಹಡಿಗಳಿಗೆ ಆ ಸ್ಥಾನ ಇನ್ನೂ ದೊರೆಯಬೇಕಾಗಿದೆ.